ಗ್ಯಾಲರಿಯ ಕಾಲೇಜು, ಮೈದಾನದ ಕಾಲೇಜು

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೆ ಏಪ್ರಿಲ್ ಎಂದರೆ ಕಾಲೇಜು ಆರಿಸುವ ತಿಂಗಳು. ಮಾರ್ಚ್ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಕಡೆಯಿಂದಲೂ ಉತ್ತರ ಬಂದಿರುತ್ತದೆ. ಮೇ 1ರೊಳಗೆ ಒಂದಕ್ಕೆ ಒಪ್ಪಿಗೆ ಕಳಿಸಿ ಮುಂಗಡ ಕಟ್ಟಬೇಕು. ಅಪ್ಪ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ತೆರೆದು ಕೂರುತ್ತಾರೆ. ಶುಲ್ಕ ಎಷ್ಟು, ಸ್ಕಾಲರ್‌ಶಿಪ್ ಎಷ್ಟು, ಕಂಪ್ಯೂಟರ್ ಸೈನ್ಸ್ ವಿಭಾಗದ ರ‍್ಯಾಂಕು ಎಷ್ಟನೆಯದು, ಓದು ಮುಗಿಸಿದವರಿಗೆ ಎಲ್ಲಿ ಕೆಲಸ ಸಿಕ್ಕಿದೆ, ಮನೆಯಿಂದ ಕಾರಿನಲ್ಲಿ ಎಷ್ಟು ಗಂಟೆಯ ದಾರಿ ಎಂದು ಲೆಕ್ಕ ನಡೆಯುತ್ತಿರುವಾಗ ಮಗಳು ಬಾಯಿ ಹಾಕುತ್ತಾಳೆ. “ಅಪ್ಪ, ಅಲ್ಲಿ ಫುಟ್‌ಬಾಲ್ ತಂಡವೇ ಇಲ್ಲ. ಶನಿವಾರ ಬಂತೆಂದರೆ ಕ್ಯಾಂಪಸ್ಸೆಲ್ಲ ಬಿಕೋ ಅನ್ನತ್ತೆ.” ಅಪ್ಪನಿಗೆ ರೇಗುತ್ತದೆ. “ನೀನು ಓದೋಕೆ ಹೋಗ್ತಿದ್ದೀಯೋ, ಮ್ಯಾಚ್ ನೋಡೋಕೋ?” ಮಾತು ಅಲ್ಲಿಗೇ ನಿಲ್ಲುತ್ತದೆ.

ಆ ಮಾತು ಅಲ್ಲಿಗೆ ನಿಲ್ಲಬಾರದು ಎಂಬುದೇ ಈ ಬರಹದ ಕಾರಣ. ಹದಿನೆಂಟಕ್ಕೆ ಮನೆ ಬಿಟ್ಟು ನಾಲ್ಕು ವರ್ಷ ಇನ್ನೊಂದು ಊರಿನಲ್ಲಿ ಬದುಕಲು ಹೊರಟಿರುವ ಮಗು, ಆ ಊರಿನಲ್ಲಿ ತನಗೆ ಜೊತೆ ಯಾರು ಎಂದು ಕೇಳುತ್ತಿದೆ. ಪ್ರಶ್ನೆ ಸರಿಯಾದದ್ದೇ, ಆದರೆ ಅರ್ಧ. ಉಳಿದರ್ಧವನ್ನು ಮಕ್ಕಳೂ ಕೇಳುವುದಿಲ್ಲ, ಹೆತ್ತವರೂ ಕೇಳುವುದಿಲ್ಲ. ಆ ಕಾಲೇಜಿನಲ್ಲಿ ಆಟ ಎಂದರೆ ಗ್ಯಾಲರಿಯಲ್ಲಿ ಕೂತು ನೋಡುವುದೋ, ಮೈದಾನಕ್ಕೆ ಇಳಿದು ಆಡುವುದೋ? ಎರಡನ್ನೂ ಒಂದೇ ಎಂದುಕೊಂಡು ಲಕ್ಷಾಂತರ ಡಾಲರಿನ ತೀರ್ಮಾನ ಮಾಡುವ ಕುಟುಂಬಗಳು ಬಹಳ ಇವೆ.

ಅಪ್ಪನಿಗೆ ರೇಗುವುದಕ್ಕೂ ಕಾರಣವಿದೆ. ಸಿ.ಇ.ಟಿ. ಕೌನ್ಸೆಲಿಂಗ್‌ನಲ್ಲಿ ಸೀಟು ಹಿಡಿದ ತಲೆಮಾರು ಅವರದು. ಕಾಲೇಜಿನ ಕೋಡು, ಹಿಂದಿನ ವರ್ಷದ ಕಟ್ ಆಫ್, ಕ್ಯಾಂಪಸ್ ಇಂಟರ್‌ವ್ಯೂಗೆ ಬರುವ ಕಂಪನಿಗಳು, ಇಷ್ಟರ ಮೇಲೆ ನಿರ್ಧಾರವಾಗುತ್ತಿತ್ತು. ಎರಪಳ್ಳಿ ಪ್ರಸನ್ನ ಮೈಸೂರಿನ ಎನ್.ಐ.ಇ.ಯಲ್ಲಿ ಎಂಜಿನಿಯರಿಂಗ್ ಓದಿದವರು. ಜಾವಗಲ್ ಶ್ರೀನಾಥ್ ಅದೇ ಊರಿನ ಎಸ್.ಜೆ.ಸಿ.ಇ.ಯವರು, ಅನಿಲ್ ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನವರು. ಭಾರತದ ಬೌಲಿಂಗಿಗೆ ಇಂಥ ಮೂವರನ್ನು ಕೊಟ್ಟ ಈ ಕಾಲೇಜುಗಳನ್ನು ಇವತ್ತಿಗೂ ಯಾರೂ ಕ್ರಿಕೆಟ್ ನೋಡಿ ಆರಿಸುವುದಿಲ್ಲ. ಏಕೆಂದರೆ ನಮ್ಮಲ್ಲಿ ಆಟದ ಬೇರು ಕಾಲೇಜಿನಲ್ಲಿಲ್ಲ. ಕ್ರಿಕೆಟ್ ಬೆಳೆದದ್ದು ಕ್ಲಬ್ಬುಗಳ ಲೀಗ್ ಪಂದ್ಯಗಳಲ್ಲಿ, ಕಬಡ್ಡಿ ಊರಿನ ಯುವಕ ಸಂಘಗಳಲ್ಲಿ, ಹಾಕಿ ಕೊಡಗಿನ ಮನೆತನಗಳ ಹಬ್ಬದಲ್ಲಿ. ಅಂತರ ಕಾಲೇಜು ಟೂರ್ನಿಗಳು ನಡೆಯುತ್ತವೆ, ಮೂಡುಬಿದಿರೆಯ ಆಳ್ವಾಸ್‌ನಂತಹ ಸಂಸ್ಥೆಗಳು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುತ್ತವೆ. ಆದರೂ ಒಂದು ಕಾಲೇಜಿನ ಪಂದ್ಯಕ್ಕೆ ಊರಿಗೆ ಊರೇ ಅಂಗಡಿ ಮುಚ್ಚಿ ಹೊರಡುವ ಪದ್ಧತಿ ನಮ್ಮಲ್ಲಿಲ್ಲ.

ಅಮೆರಿಕದಲ್ಲಿ ಇದು ಆಯಿತು. 1852ರ ಆಗಸ್ಟ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವಿನಿಪೆಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳ ನಡುವೆ ದೋಣಿ ಸ್ಪರ್ಧೆ ನಡೆಯಿತು. ಆ ದೇಶದ ಮೊದಲ ಅಂತರ ಕಾಲೇಜು ಕ್ರೀಡಾ ಸ್ಪರ್ಧೆ ಅದು. ಖರ್ಚು ಹೊತ್ತದ್ದು ಒಂದು ರೈಲು ಕಂಪನಿ. ಸರೋವರದ ಕಡೆಗೆ ಪ್ರವಾಸಿಗರನ್ನು ಸೆಳೆಯಬೇಕಿತ್ತು. ಕಾಲೇಜು ಆಟಕ್ಕೂ ವ್ಯಾಪಾರಕ್ಕೂ ನಂಟು ಬೆಳೆದದ್ದು ಆಮೇಲೆ ಎಂದು ಕೊರಗುವವರು ಇದನ್ನು ನೆನಪಿಡಬೇಕು. ಅದು ಹುಟ್ಟಿನಿಂದಲೇ ಬಂದದ್ದು. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವಿನ ಮೊದಲ ಫುಟ್‌ಬಾಲ್ ಪಂದ್ಯ ಆಡಿದವು. 1905ರ ಹೊತ್ತಿಗೆ ಈ ಆಟದಲ್ಲಿ ಹುಡುಗರು ಸಾಯುವುದು ಎಷ್ಟು ಹೆಚ್ಚಾಯಿತೆಂದರೆ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೇ ಕರೆಸಿದರು. ಮರುವರ್ಷ ಹುಟ್ಟಿದ ಸಂಘವೇ ಕಾಲೇಜು ಆಟಗಳನ್ನು ನಿಯಂತ್ರಿಸುವ ಇವತ್ತಿನ ಎನ್.ಸಿ.ಎ.ಎ.

ಇದರ ಜೊತೆಗೆ ಭೂಗೋಳವೂ ಸೇರಿಕೊಂಡಿತು. 1862ರ ಮೊರಿಲ್ ಕಾಯ್ದೆಯ ನಂತರ ಸರ್ಕಾರಿ ಭೂಮಿಯ ನೆರವಿನಿಂದ ರಾಜ್ಯ ರಾಜ್ಯಗಳಲ್ಲಿ ವಿಶ್ವವಿದ್ಯಾಲಯಗಳು ಎದ್ದವು. ಅನೇಕವು ನಗರಗಳಿಂದ ದೂರದ, ಹೊಲಗದ್ದೆಗಳ ನಡುವಿನ ಸಣ್ಣ ಊರುಗಳಲ್ಲಿ. ಪೆನ್ಸಿಲ್ವೇನಿಯಾದಲ್ಲಿ ಒಂದು ಊರಿನ ಹೆಸರೇ ಸ್ಟೇಟ್ ಕಾಲೇಜ್, ಟೆಕ್ಸಾಸ್‌ನಲ್ಲಿ ಇನ್ನೊಂದರ ಹೆಸರು ಕಾಲೇಜ್ ಸ್ಟೇಷನ್. ಅಲ್ಲಿ ವೃತ್ತಿಪರ ತಂಡಗಳಿರಲಿಲ್ಲ. ತೆರಿಗೆ ಕಟ್ಟುವ ರೈತನಿಗೆ ವಿಶ್ವವಿದ್ಯಾಲಯದ ಜೊತೆಗಿದ್ದ ಸಂಬಂಧ ಎಂದರೆ ಶನಿವಾರದ ಪಂದ್ಯ. ಆನ್ ಆರ್ಬರ್ ಊರಿನ ಜನಸಂಖ್ಯೆ ಸುಮಾರು 1.2 ಲಕ್ಷ, ಅಲ್ಲಿನ ಮಿಷಿಗನ್ ಸ್ಟೇಡಿಯಂನಲ್ಲಿ ಕೂರಬಹುದಾದವರು 1,07,601.

ಆ ಜನಸಾಗರದೊಳಗೆ ನಿಂತವರಿಗೆ ಏನಾಗುತ್ತದೆ ಎಂಬುದನ್ನು ದೂರದಿಂದ ಅಳೆಯುವುದು ಕಷ್ಟ. ಅಯೋವಾ ವಿಶ್ವವಿದ್ಯಾಲಯದ ಕಿನಿಕ್ ಸ್ಟೇಡಿಯಂ ಪಕ್ಕದಲ್ಲೇ ಮಕ್ಕಳ ಆಸ್ಪತ್ರೆಯ ಎತ್ತರದ ಕಟ್ಟಡವಿದೆ. ಮೇಲಿನ ಅಂತಸ್ತಿನ ಗಾಜಿನ ಗೋಡೆಯ ಹಿಂದೆ ನಿಂತರೆ ಇಡೀ ಮೈದಾನ ಕಾಣುತ್ತದೆ. 2017ರಿಂದ ಅಲ್ಲಿ ಒಂದು ರೂಢಿ ಬೆಳೆದಿದೆ. ಪಂದ್ಯದ ಮೊದಲ ಕಾಲುಭಾಗ ಮುಗಿದ ಕೂಡಲೇ ಸುಮಾರು 70 ಸಾವಿರ ಜನ, ಆಟಗಾರರು, ರೆಫರಿಗಳು, ಎದುರಾಳಿ ತಂಡದವರು ಕೂಡ, ಮೈದಾನಕ್ಕೆ ಬೆನ್ನು ಮಾಡಿ ಆಸ್ಪತ್ರೆಯತ್ತ ತಿರುಗಿ ಕೈ ಬೀಸುತ್ತಾರೆ. ಮೇಲೆ ಡ್ರಿಪ್ ಹಾಕಿಸಿಕೊಂಡ ಮಕ್ಕಳು, ಅವರನ್ನು ಎತ್ತಿಕೊಂಡ ಅಪ್ಪ ಅಮ್ಮಂದಿರು ಕಿಟಕಿಗೆ ಅಂಟಿಕೊಂಡು ಕೈ ಬೀಸುತ್ತಾರೆ. ಇದನ್ನು ಶುರು ಮಾಡಿದ್ದು ಆಡಳಿತ ಮಂಡಳಿಯ ಸುತ್ತೋಲೆಯಲ್ಲ, ಅಭಿಮಾನಿಯೊಬ್ಬರ ಸಲಹೆ. ಹದಿನೆಂಟರ ಹುಡುಗನೋ ಹುಡುಗಿಯೋ ಆ ಸಾಲಿನಲ್ಲಿ ನಿಂತು ಕೈ ಎತ್ತಿದ ಕ್ಷಣ, ತಾನು ಇವರಲ್ಲೊಬ್ಬ ಎಂಬ ಭಾವ ಬರುತ್ತದಲ್ಲ, ಅದನ್ನು ಯಾವ ರ‍್ಯಾಂಕಿನ ಪಟ್ಟಿಯೂ ಎಣಿಸುವುದಿಲ್ಲ.

ನಾರ್ತ್ ಕ್ಯಾರೊಲೈನಾದ ಡ್ಯೂಕ್ ವಿಶ್ವವಿದ್ಯಾಲಯದ ಕಥೆ ಇನ್ನೊಂದು ತರಹದ್ದು. ಅಲ್ಲಿ ಬ್ಯಾಸ್ಕೆಟ್‌ಬಾಲ್ ಆರಾಧನೆ. ಒಳಾಂಗಣ ಕ್ರೀಡಾಂಗಣ 1940ರದು, ಹಿಡಿಸುವುದು 9,314 ಜನರನ್ನು ಮಾತ್ರ. ಹತ್ತಿರದ ಊರಿನ ಹಳೆಯ ಎದುರಾಳಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದೊಂದಿಗಿನ ಪಂದ್ಯಕ್ಕೆ ಒಳಗೆ ಜಾಗ ಸಿಗಬೇಕೆಂದರೆ ಜನವರಿ ಫೆಬ್ರವರಿಯ ಚಳಿಯಲ್ಲಿ ವಾರಗಟ್ಟಲೆ ಟೆಂಟ್ ಹಾಕಿಕೊಂಡು ಹುಲ್ಲಿನ ಮೇಲೆ ಮಲಗಬೇಕು. 1986ರಲ್ಲಿ ಕೆಲವೇ ವಿದ್ಯಾರ್ಥಿಗಳು ಶುರು ಮಾಡಿದ ಇದು ಈಗ ನಿಯಮಾವಳಿಯುಳ್ಳ ಪುಟ್ಟ ಊರು. ರಾತ್ರಿ ಯಾವ ಹೊತ್ತಿನಲ್ಲಾದರೂ ಹಾಜರಿ ಕರೆಯಬಹುದು. ಟೆಂಟಿನಲ್ಲಿ ಇರಬೇಕಾದಷ್ಟು ಮಂದಿ ಇಲ್ಲದಿದ್ದರೆ ಸರದಿಯ ಜಾಗ ಹೋಗುತ್ತದೆ. ಹಾಗಾಗಿ ಒಂದೊಂದು ಟೆಂಟಿನವರು ಪಾಳಿ ಹಾಕಿಕೊಳ್ಳುತ್ತಾರೆ: ಯಾರಿಗೆ ನಾಳೆ ಪರೀಕ್ಷೆ, ಯಾರಿಗೆ ಜ್ವರ, ಯಾರು ಇವತ್ತು ರಾತ್ರಿ ಉಳಿಯಬಲ್ಲರು. ಟೆಂಟಿನೊಳಗೆ ಹೆಡ್‌ಲ್ಯಾಂಪ್ ಹಾಕಿಕೊಂಡು ಕ್ಯಾಲ್ಕ್ಯುಲಸ್ ಲೆಕ್ಕ ಬಿಡಿಸುತ್ತಾರೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಬೇರೆಯೇ ಒಂದು ವಾರಾಂತ್ಯದ ಬಯಲು ವಾಸ್ತವ್ಯವಿದ್ದು, ಅದನ್ನು ಪೂರೈಸಿದವರ ಹೆಸರು ಟಿಕೆಟ್ ಲಾಟರಿಗೆ ಸೇರುತ್ತದೆ. ಪಂದ್ಯಕ್ಕಿಂತ ಆ ಪಾಳಿಯಲ್ಲೇ ಸ್ನೇಹ ಹುಟ್ಟುತ್ತದೆ. ಗಣೇಶೋತ್ಸವಕ್ಕೆ ಪೆಂಡಾಲ್ ಕಟ್ಟಿ ರಾತ್ರಿ ಕಾವಲು ಕೂತ ಹುಡುಗರಿಗೆ ಈ ಸ್ನೇಹ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ.

ವಲಸೆ ಬಂದವರ ಮಕ್ಕಳಿಗೆ ಇದರ ಬೆಲೆ ಇನ್ನೂ ಹೆಚ್ಚು. ಮನೆಯಲ್ಲಿ ಕನ್ನಡ, ಊಟದ ಡಬ್ಬಿಯಲ್ಲಿ ಚಿತ್ರಾನ್ನ, ಹೆಸರನ್ನು ಪ್ರತಿ ಮೇಷ್ಟರಿಗೂ ಮೂರು ಸಲ ಹೇಳಿಕೊಡಬೇಕು. ಹೀಗೆ ಬೆಳೆದ ಮಗುವಿಗೆ ಒಂದು ಬಣ್ಣದ ಅಂಗಿ ತೊಟ್ಟ ಕೂಡಲೇ ಯಾರೂ ಪ್ರಶ್ನೆ ಕೇಳದೆ ಒಳಗೆ ಬಿಟ್ಟುಕೊಳ್ಳುವ ಜಾಗ ಸಿಗುತ್ತದೆ. ಕರ್ನಾಟಕದಿಂದ ನೇರವಾಗಿ ಎಂ.ಎಸ್. ಮಾಡಲು ಹೋಗುವವರಿಗೂ ಅಷ್ಟೆ. 2023–24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3.31 ಲಕ್ಷ; ಹೆಚ್ಚಿನವರು ಸ್ನಾತಕೋತ್ತರ ಓದಿಗೆ ಹೋದವರು. ಆಗಸ್ಟ್‌ನಲ್ಲಿ ಇಳಿದು, ನಾಲ್ವರು ಭಾರತೀಯರ ಜೊತೆ ಅಪಾರ್ಟ್‌ಮೆಂಟ್ ಹಂಚಿಕೊಂಡು, ಲ್ಯಾಬ್ ಮತ್ತು ಅಡುಗೆಮನೆ ಬಿಟ್ಟು ಬೇರೆ ನೋಡದೆ ಎರಡು ವರ್ಷ ಕಳೆಯುವವರು ಎಷ್ಟೋ ಮಂದಿ. ಫುಟ್‌ಬಾಲ್ ಋತು ಶುರುವಾಗುವುದೂ ಆಗಸ್ಟ್ ಕೊನೆಗೇ. ಪಕ್ಕದ ಬೆಂಚಿನ ಅಮೆರಿಕನ್ ಹುಡುಗನ ಹತ್ತಿರ ಮಾತು ತೆಗೆಯಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಹೋಗುವ ಮಕ್ಕಳಿಗೆ ನಾನು ಹೇಳುವುದಿಷ್ಟು: ಆಟ ಅರ್ಥವಾಗದಿದ್ದರೂ ಪರವಾಗಿಲ್ಲ, ಮೊದಲ ಸೆಮಿಸ್ಟರಿನಲ್ಲಿ ಒಂದು ಪಂದ್ಯಕ್ಕೆ ಹೋಗಿ.

ಇಷ್ಟು ಹೇಳಿದ ಮೇಲೆ ಗ್ಯಾಲರಿಯ ಲೆಕ್ಕಕ್ಕೆ ಬರೋಣ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪದವಿ ಓದುವವರು ಮೂವತ್ತಮೂರು ಸಾವಿರಕ್ಕೂ ಹೆಚ್ಚು. ವಿಶ್ವವಿದ್ಯಾಲಯದ ಅಧಿಕೃತ ತಂಡಗಳಲ್ಲಿ ಆಡುವವರು ಒಂಬೈನೂರರ ಆಸುಪಾಸು. ನೂರಕ್ಕೆ ಸುಮಾರು ಮೂವರು. ಅವರಲ್ಲೂ ಹೆಚ್ಚಿನವರು ಹೈಸ್ಕೂಲಿನಲ್ಲೇ ಕೋಚುಗಳ ಕಣ್ಣಿಗೆ ಬಿದ್ದು ಬಂದವರು. ಆದರೆ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್, ಆಮ್ಹರ್ಸ್ಟ್ ತರಹದ ಸಣ್ಣ ಕಾಲೇಜುಗಳಲ್ಲಿ ಸುಮಾರು ಮೂವರಿಗೆ ಒಬ್ಬರು ಯಾವುದಾದರೊಂದು ಕಾಲೇಜು ತಂಡದಲ್ಲಿ ಆಡುತ್ತಾರೆ. ಇವು ಎನ್.ಸಿ.ಎ.ಎ.ಯ ಮೂರನೇ ಡಿವಿಷನ್ನಿನವು. ಇಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಟಿ.ವಿ.ಯಲ್ಲಿ ಇವರ ಪಂದ್ಯ ಬರುವುದು ಅಪರೂಪ, ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ ಇವುಗಳ ಹೆಸರು ಹೇಳಿದರೆ ಅದೆಲ್ಲಿದೆ ಎಂದು ಕೇಳುವವರೇ ಹೆಚ್ಚು. ಎಂ.ಐ.ಟಿ.ಯಲ್ಲಿ 33 ಕಾಲೇಜು ತಂಡಗಳಿವೆ ಎಂಬುದು ಅಲ್ಲಿಗೆ ಅರ್ಜಿ ಹಾಕುವ ಎಷ್ಟು ಮನೆಗಳಿಗೆ ಗೊತ್ತು? ಸ್ಟೇಡಿಯಂ ದೊಡ್ಡದಾದಷ್ಟೂ ನಿಮ್ಮ ಮಗು ಅದರ ನಡುವಿನ ಹುಲ್ಲಿನ ಮೇಲೆ ಕಾಲಿಡುವ ಸಾಧ್ಯತೆ ಕಡಿಮೆ.

ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ನೊಬೆಲ್ ವಿಜ್ಞಾನಿಗಳಿಗೆ ಹೆಸರುವಾಸಿ. ಅಲ್ಲಿನ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ತನ್ನ ಗುಂಪಿನ ಪಂದ್ಯಗಳಲ್ಲಿ 1985ರಿಂದ ಒಂದನ್ನೂ ಗೆದ್ದಿರಲಿಲ್ಲ. ಸಾಲಾಗಿ 310 ಸೋಲು. 2011ರ ಫೆಬ್ರವರಿ 22ರಂದು, ಆಕ್ಸಿಡೆಂಟಲ್ ಕಾಲೇಜಿನ ಮೇಲೆ 46–45ರಲ್ಲಿ ಗೆದ್ದಾಗ ವಿದ್ಯಾರ್ಥಿಗಳು ಅಂಕಣಕ್ಕೆ ನುಗ್ಗಿ ಕುಣಿದರು. ನನಗೆ ಆ ಗೆಲುವಿಗಿಂತ ಅದರ ಹಿಂದಿನ 26 ವರ್ಷಗಳೇ ದೊಡ್ಡವು. ಸೋಲುತ್ತೇವೆಂದು ಗೊತ್ತಿದ್ದೂ ಪ್ರತಿ ವರ್ಷ ಹೊಸ ಹುಡುಗರು ಬಂದು, ಸಂಜೆ ಅಭ್ಯಾಸ ಮಾಡಿ, ರಾತ್ರಿ ಕ್ವಾಂಟಂ ಮೆಕ್ಯಾನಿಕ್ಸ್ ಓದಿ, ವಾರಾಂತ್ಯ ಮತ್ತೆ ಸೋತು ಬರುತ್ತಿದ್ದರು. ಕಾಲೇಜಿನ ಕ್ರೀಡಾ ಸಂಸ್ಕೃತಿ ಎಂದು ನಾನು ಮನಸಾರೆ ಕರೆಯುವುದು ಇದನ್ನು.

ದೊಡ್ಡ ವಿಶ್ವವಿದ್ಯಾಲಯದಲ್ಲಿ ಆಡಲು ದಾರಿಯೇ ಇಲ್ಲ ಎಂದಲ್ಲ. ಅಧಿಕೃತ ತಂಡಗಳ ಕೆಳಗೆ ವಿದ್ಯಾರ್ಥಿಗಳೇ ನಡೆಸುವ ಕ್ಲಬ್ ತಂಡಗಳಿರುತ್ತವೆ, ಅದರ ಕೆಳಗೆ ಹಾಸ್ಟೆಲ್ ಹಾಸ್ಟೆಲ್‌ಗಳ ನಡುವಿನ ಇಂಟ್ರಾಮ್ಯೂರಲ್ ಪಂದ್ಯಗಳು. ಇದಕ್ಕೆಂದೇ ದೇಶದಲ್ಲಿ ಮೊದಲು ಕಟ್ಟಡ ಕಟ್ಟಿದ್ದು ಅದೇ ಮಿಷಿಗನ್, 1928ರಲ್ಲಿ. ಫ್ರಿಸ್ಬಿ, ವಾಲಿಬಾಲ್, ಬ್ಯಾಡ್ಮಿಂಟನ್, ಕ್ರಿಕೆಟ್ ಎಲ್ಲವೂ ಇವೆ. ನಮ್ಮ ಹುಡುಗಿಯರು ಅನೇಕರು ಭಾಂಗ್ಡಾ, ರಾಸ್ ನೃತ್ಯ ತಂಡಗಳಲ್ಲಿದ್ದು ಊರೂರಿಗೆ ಸ್ಪರ್ಧೆಗೆ ಹೋಗುತ್ತಾರೆ. ಬೆವರು, ಅಭ್ಯಾಸ, ಬಸ್ಸಿನ ಪಯಣ, ಸೋತ ರಾತ್ರಿಯ ಮೌನ ಎಲ್ಲವೂ ಆಟದ್ದೇ. ಕ್ಯಾಂಪಸ್ ನೋಡಲು ಹೋದವರು ಸ್ಟೇಡಿಯಂ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಇಂಟ್ರಾಮ್ಯೂರಲ್ ಕಟ್ಟಡದ ನೋಟಿಸ್ ಬೋರ್ಡ್ ಮುಂದೆ ಹತ್ತು ನಿಮಿಷ ನಿಂತರೆ ಹೆಚ್ಚು ಗೊತ್ತಾಗುತ್ತದೆ.

ಫುಟ್‌ಬಾಲನ್ನೇ ಬಿಟ್ಟುಕೊಟ್ಟ ವಿಶ್ವವಿದ್ಯಾಲಯವೂ ಒಂದಿದೆ. ಷಿಕಾಗೊ ಒಂದು ಕಾಲಕ್ಕೆ ಆ ಆಟದ ದಿಗ್ಗಜ. ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ 1935ರಲ್ಲಿ ಮೊದಲು ಸಂದದ್ದು ಅಲ್ಲಿನ ಜೇ ಬರ್ವಾಂಗರ್‌ಗೆ. 1939ರಲ್ಲಿ ಮಿಷಿಗನ್ ಎದುರು 85–0ಯಿಂದ ಸೋತಿತು. ಆ ವರ್ಷವೇ ಅಧ್ಯಕ್ಷ ರಾಬರ್ಟ್ ಹಚಿನ್ಸ್ ತಂಡವನ್ನು ಮುಚ್ಚಿಸಿದರು. ಓದಿಗೂ ಈ ತಮಾಷೆಗೂ ಹೊಂದುವುದಿಲ್ಲ ಎಂಬುದು ಅವರ ಖಚಿತ ನಿಲುವು. ಖಾಲಿ ಬಿದ್ದ ಸ್ಟ್ಯಾಗ್ ಫೀಲ್ಡಿನ ಗ್ಯಾಲರಿಯ ಕೆಳಗಿನ ಅಂಕಣವೊಂದರಲ್ಲಿ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಸಿದರು. ಮುಂದೆ ಗ್ಯಾಲರಿ ಕೆಡವಿ ಅಲ್ಲಿ ರೀಜನ್‌ಸ್ಟೈನ್ ಗ್ರಂಥಾಲಯ ಕಟ್ಟಿದರು. ಫುಟ್‌ಬಾಲ್ ಮತ್ತೆ ಬಂದದ್ದು 1969ರಲ್ಲಿ, ಸಣ್ಣ ಪ್ರಮಾಣದಲ್ಲಿ. ನಡುವಿನ ಆ ಕಾಲದಲ್ಲೇ ನಮ್ಮ ಮೈಸೂರಿನ ಎ.ಕೆ. ರಾಮಾನುಜನ್ ಅಲ್ಲಿಗೆ ಹೋದರು. 1962ರಲ್ಲಿ, ಅಲ್ಲಿನ ತಮ್ಮ ಆರಂಭದ ಶನಿವಾರಗಳಲ್ಲೊಂದರಂದು, ಹಳೆಯ ತಮಿಳಿನ ವ್ಯಾಕರಣ ಹುಡುಕುತ್ತ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ ಇಳಿದಾಗ ಸಂಗಂ ಕಾವ್ಯ ಕೈಗೆ ಸಿಕ್ಕಿತು ಎಂದು ಅವರೇ ಬರೆದಿದ್ದಾರೆ. ಮುಂದಿನ ಮೂವತ್ತು ವರ್ಷ ಅವರು ಅದೇ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಶನಿವಾರವನ್ನು ಹೀಗೆ ಕಳೆಯಬಯಸುವ ಮಕ್ಕಳೂ ಇದ್ದಾರೆ. ಅವರನ್ನು ಲಕ್ಷ ಜನರ ಗದ್ದಲದ ನಡುವೆ ಕೂರಿಸಿ, ನೀನೂ ಎಲ್ಲರಂತೆ ಖುಷಿಪಡು ಎಂದು ಒತ್ತಾಯಿಸುವುದು ಅನ್ಯಾಯ.

ಅಭಿಮಾನಕ್ಕೆ ತೆರುವ ಬೆಲೆಯ ಬಗ್ಗೆ ಕ್ಯಾಂಪಸ್ ತೋರಿಸುವ ಗೈಡುಗಳು ಮಾತಾಡುವುದಿಲ್ಲ. ಆರಿಗನ್ ವಿಶ್ವವಿದ್ಯಾಲಯದ ಮೂವರು ಅರ್ಥಶಾಸ್ತ್ರಜ್ಞರು ತಮ್ಮದೇ ವಿದ್ಯಾರ್ಥಿಗಳ 1999ರಿಂದ 2007ರವರೆಗಿನ ಅಂಕಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದರು. ಫುಟ್‌ಬಾಲ್ ತಂಡ ಹೆಚ್ಚು ಗೆದ್ದ ವರ್ಷಗಳಲ್ಲಿ, ಹುಡುಗಿಯರಿಗೆ ಹೋಲಿಸಿದರೆ ಹುಡುಗರ ಅಂಕ ಇಳಿದಿತ್ತು. ತಂಡ ಗೆದ್ದಾಗ ಕುಡಿತ ಹೆಚ್ಚು, ಓದು ಕಡಿಮೆ ಎಂದು ವಿದ್ಯಾರ್ಥಿಗಳೇ ಒಪ್ಪಿಕೊಂಡಿದ್ದರು. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕಿಂತ ಗಂಭೀರ. ಮೊದಲ ಡಿವಿಷನ್ನಿನ ಫುಟ್‌ಬಾಲ್ ಪಂದ್ಯವಿರುವ ದಿನಗಳಲ್ಲಿ, 17ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರದ ದೂರುಗಳು ಶೇಕಡ 28ರಷ್ಟು ಹೆಚ್ಚಾಗುತ್ತವೆ ಎಂದು ಅದು ಕಂಡುಕೊಂಡಿತು. ಹೆಣ್ಣುಮಕ್ಕಳನ್ನು ಕಳಿಸುವ ಮನೆಗಳು ಈ ಅಂಕಿಯನ್ನು ಕಣ್ಣುಬಿಟ್ಟು ಓದಬೇಕು, ಗಂಡುಮಕ್ಕಳನ್ನು ಕಳಿಸುವ ಮನೆಗಳು ಇನ್ನೂ ಹೆಚ್ಚು ಎಚ್ಚರದಿಂದ ಓದಿ ಮಗನನ್ನು ಕೂರಿಸಿಕೊಂಡು ಮಾತಾಡಬೇಕು.

ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೆ ಎಂ.ಎಸ್. ಮಾಡಲು ಹೋದ ಕನ್ನಡಿಗರು ಬಹಳ. ಅಲ್ಲಿ ಪಂದ್ಯ ಮುಗಿಯುವವರೆಗೂ ವಿದ್ಯಾರ್ಥಿಗಳು ಕೂರುವುದಿಲ್ಲ. 1922ರಲ್ಲಿ ಆಟಗಾರರು ಗಾಯಗೊಂಡು ಕಡಿಮೆಯಾದಾಗ ಗ್ಯಾಲರಿಯಿಂದ ಇಳಿದು ಸಮವಸ್ತ್ರ ತೊಟ್ಟು ಸಿದ್ಧನಾಗಿ ನಿಂತ ಇ. ಕಿಂಗ್ ಗಿಲ್‌ನ ನೆನಪಿಗೆ, ನಾವೂ ಸಿದ್ಧ ಎಂದು ತೋರಿಸಲು ನಿಂತೇ ಇರುತ್ತಾರೆ. ಬಹಳ ಚೆಂದದ ರೂಢಿ. ಅದೇ ಅಭಿಮಾನದ ಇನ್ನೊಂದು ರೂಢಿ, ವರ್ಷದ ದೊಡ್ಡ ಪಂದ್ಯಕ್ಕೆ ಮೊದಲು ಸಾವಿರಾರು ಮರದ ದಿಮ್ಮಿಗಳನ್ನು ವಿದ್ಯಾರ್ಥಿಗಳೇ ಪೇರಿಸಿ ಸುಡುತ್ತಿದ್ದ ಮಹಾ ಶಿಬಿರಾಗ್ನಿ. 1999ರ ನವೆಂಬರ್ 18ರ ನಸುಕಿಗೆ ಮುಂಚೆ ಆ ಪೇರಿಕೆ ಕುಸಿದು 12 ಜನ ಸತ್ತರು. ಎಂಜಿನಿಯರಿಂಗ್‌ಗೆ ಹೆಸರಾದ ವಿಶ್ವವಿದ್ಯಾಲಯದಲ್ಲಿ ಅಷ್ಟು ಎತ್ತರದ ಕಟ್ಟಣೆಗೆ ಸರಿಯಾದ ವಿನ್ಯಾಸವೂ ಮೇಲುಸ್ತುವಾರಿಯೂ ಇರಲಿಲ್ಲ. ಹಿಂದಿನಿಂದ ನಡೆದುಕೊಂಡು ಬಂದದ್ದು ಎಂಬ ಕಾರಣಕ್ಕೆ ಯಾರೂ ತಡೆದಿರಲಿಲ್ಲ. ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಮಾಜಿ ಸಹಾಯಕ ಕೋಚ್ ಒಬ್ಬ ಮಕ್ಕಳ ಮೇಲೆ ವರ್ಷಗಟ್ಟಲೆ ನಡೆಸಿದ ಲೈಂಗಿಕ ದೌರ್ಜನ್ಯ ಬಯಲಾದಾಗ, ಫುಟ್‌ಬಾಲ್ ಬಗ್ಗೆ ಇಡೀ ಕ್ಯಾಂಪಸ್ಸಿನಲ್ಲಿ ಬೇರುಬಿಟ್ಟಿದ್ದ ಭಕ್ತಿಯೂ ಅದನ್ನು ಯಾರೂ ತಡೆಯದಿದ್ದುದಕ್ಕೆ ಕಾರಣ ಎಂದು ಮರುವರ್ಷದ ತನಿಖಾ ವರದಿ ಹೇಳಿತು. ಪ್ರಶ್ನೆ ಕೇಳಿದವರನ್ನು ದ್ರೋಹಿ ಎನ್ನುವ ಅಭಿಮಾನ ಇದ್ದಲ್ಲಿಗೆ ಮಕ್ಕಳನ್ನು ಕಳಿಸುವ ಮೊದಲು ಎರಡು ಸಲ ಯೋಚಿಸಬೇಕು.

ಹಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಸಂಪಾದಿಸಲು 2021ರಿಂದ ಅವಕಾಶವಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾಲಯದ ಮಿತಿ ಸುಮಾರು 2.05 ಕೋಟಿ ಡಾಲರ್. ಬೆವರು ಸುರಿಸುವವರಿಗೆ ಪಾಲು ಸಿಗುವುದು ನ್ಯಾಯವೇ. ಆದರೆ ಆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳುವ ಹಕ್ಕು ಶುಲ್ಕ ಕಟ್ಟುವವರಿಗಿದೆ. ಅನೇಕ ಕಡೆ ಪ್ರತಿ ವಿದ್ಯಾರ್ಥಿಯ ಬಿಲ್ಲಿನಲ್ಲಿ ಕ್ರೀಡಾ ಶುಲ್ಕ ಸೇರಿರುತ್ತದೆ. ವರ್ಜೀನಿಯಾದ ಕೆಲವು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅದು ವರ್ಷಕ್ಕೆ ಸಾವಿರ ಡಾಲರಿಗೂ ಮೇಲೆ. ಪಂದ್ಯದ ಮುಖವನ್ನೇ ನೋಡದ ವಿದ್ಯಾರ್ಥಿಯೂ ಕಟ್ಟಲೇಬೇಕು. ಇಷ್ಟಾದರೂ ದೊಡ್ಡ ಪಂದ್ಯಗಳಿಗೆ ವಿದ್ಯಾರ್ಥಿಗಳಿಗೆ ಟಿಕೆಟ್ ಖಾತ್ರಿ ಎಂದೇನಿಲ್ಲ, ಎಷ್ಟೋ ಕಡೆ ಬೇರೆ ದುಡ್ಡು, ಇಲ್ಲವೇ ಲಾಟರಿ.

ನಮ್ಮವರಲ್ಲಿ ಇನ್ನೊಂದು ಆಸೆಯೂ ಬೆಳೆಯುತ್ತಿದೆ. ಟೆನಿಸ್, ಈಜು, ಫೆನ್ಸಿಂಗ್, ಸ್ಕ್ವಾಷ್ ಕಲಿಸಿದರೆ ದೊಡ್ಡ ಕಾಲೇಜಿನ ಬಾಗಿಲು ತೆರೆಯುತ್ತದೆ ಎಂಬ ಲೆಕ್ಕಾಚಾರ. ಎಂಟು ವರ್ಷದ ಮಗುವನ್ನು ಬೆಳಗಿನ ಐದಕ್ಕೆ ಎಬ್ಬಿಸಿ ಕೊಳಕ್ಕೆ ಕರೆದೊಯ್ಯುವವರಿದ್ದಾರೆ. ಹೈಸ್ಕೂಲಿನಲ್ಲಿ ಆಡುವ ನೂರು ಮಕ್ಕಳಲ್ಲಿ ಕಾಲೇಜು ತಂಡಗಳಿಗೆ ಹೋಗುವವರು ಏಳರ ಆಸುಪಾಸು. ಮೊದಲ ಡಿವಿಷನ್ನಿಗೆ ಇನ್ನೂ ಕಡಿಮೆ. ಈ ದಾರಿಯಲ್ಲಿ ನಿಜವಾಗಿ ಹೋದವರ ಪೈಕಿ ನಮಗೆ ಹತ್ತಿರದ ಹೆಸರು ರಾಜೀವ್ ರಾಮ್. ತಂದೆ ತಾಯಿ ಬೆಂಗಳೂರಿನಿಂದ ಹೋದವರು. 2003ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಟೆನಿಸ್ ತಂಡದಲ್ಲಿ ಆಡಿದರು. ಆ ವರ್ಷ ತಂಡ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು, ಡಬಲ್ಸ್ ಪ್ರಶಸ್ತಿಯೂ ರಾಮ್ ಜೋಡಿಗೆ ಬಂತು. ಇಪ್ಪತ್ತು ವರ್ಷದ ನಂತರ 2023ರ ಯು.ಎಸ್. ಓಪನ್ ಡಬಲ್ಸ್ ಫೈನಲ್‌ನಲ್ಲಿ ಅವರ ಎದುರು ನಿಂತದ್ದು ನಮ್ಮ ಕೊಡಗಿನ ರೋಹನ್ ಬೋಪಣ್ಣ. ರಾಮ್ ಜೋಡಿ ಗೆದ್ದಿತು. ಎಂಥ ಆಟಗಾರರಿಗೆ ಆ ಬಾಗಿಲು ತೆರೆಯುತ್ತದೆ ಎಂಬುದು ಇದರಿಂದ ತಿಳಿಯಬೇಕು. ಆಟವನ್ನು ಬರಿಯ ಪ್ರವೇಶಪತ್ರ ಮಾಡಿಕೊಂಡರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು 2019ರ ಹಗರಣ ತೋರಿಸಿತು. ದೋಣಿಯನ್ನೇ ಹತ್ತದ ಮಕ್ಕಳನ್ನು ದೋಣಿ ತಂಡದವರೆಂದು ತೋರಿಸಿ, ಕೋಚುಗಳಿಗೆ ಲಂಚ ಕೊಟ್ಟು ಸೀಟು ಕೊಂಡ ಸಿರಿವಂತ ಅಪ್ಪ ಅಮ್ಮಂದಿರು ಜೈಲಿಗೆ ಹೋದರು.

ಹಾಗಾದರೆ ಕ್ರೀಡೆ, ಕಾಲೇಜು ಅಭಿಮಾನ ಇವಕ್ಕೆ ಎಷ್ಟು ತೂಕ ಕೊಡಬೇಕು? ಸಾಲ ಎಷ್ಟಾಗುತ್ತದೆ ಎಂಬುದು ಮೊದಲು, ಓದುವ ವಿಭಾಗ ಎಂಥದ್ದು ಎಂಬುದು ಎರಡನೆಯದು. ಮೂರನೆಯ ಸ್ಥಾನ ಇದಕ್ಕೆ ಧಾರಾಳವಾಗಿ ಕೊಡಬಹುದು. ಊಟ, ಹವೆ, ಕಟ್ಟಡಗಳ ಅಂದ ಎಲ್ಲ ಇದರ ನಂತರ. ಕ್ರೀಡೆಗಾಗಿ ಸಾಲ ಹೆಚ್ಚಿಸಿಕೊಳ್ಳುವುದು ಬೇಡ. ಎರಡು ಕಾಲೇಜುಗಳು ಮೊದಲ ಎರಡು ವಿಷಯದಲ್ಲಿ ಸಮವಾಗಿದ್ದರೆ, ಮಗು ವಾರಕ್ಕೆರಡು ಸಲವಾದರೂ ಬೆವರು ಸುರಿಸಬಲ್ಲ, ಹತ್ತು ಜನರ ಹೆಸರು ಹಿಡಿದು ಕೂಗಬಲ್ಲ ಕಡೆಗೆ ನನ್ನ ಮತ. ಅದು ದೊಡ್ಡ ವಿಶ್ವವಿದ್ಯಾಲಯದ ಕ್ಲಬ್ ತಂಡವಾಗಿರಬಹುದು, ಸಣ್ಣ ಕಾಲೇಜಿನ ಸೋಲುವ ತಂಡವೂ ಆಗಿರಬಹುದು. ಆಡದ ಮಗುವಿಗೆ ಇದೇ ಪ್ರಶ್ನೆಯನ್ನು ಸಂಗೀತ, ನಾಟಕ, ರೇಡಿಯೊ ಕ್ಲಬ್ ಹೆಸರಿನಲ್ಲಿ ಕೇಳಿ. ಗೆಲ್ಲುವ ತಂಡವನ್ನು ನೋಡಿ ಕಾಲೇಜು ಆರಿಸಬೇಡಿ. ಕೋಚು ಬದಲಾದರೆ ಎರಡೇ ವರ್ಷದಲ್ಲಿ ತಂಡ ಬದಲಾಗುತ್ತದೆ, ಮಗು ಅಲ್ಲಿರುವುದು ನಾಲ್ಕು ವರ್ಷ.

ಕ್ಯಾಂಪಸ್ ನೋಡಲು ಸಾಧ್ಯವಿದ್ದರೆ ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ ಹೋಗಿ. ಶನಿವಾರದ ಪಂದ್ಯ ನೋಡಿ, ಜೊತೆಗೆ ಮಂಗಳವಾರ ಸಂಜೆಯನ್ನೂ ನೋಡಿ. ಜಿಮ್ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಹೊಸಬರಿಗೆ ಅಂಕಣ ಸಿಗುತ್ತದೆಯೇ, ಪಂದ್ಯಕ್ಕೆ ಹೋಗದವರು ಶನಿವಾರ ಏನು ಮಾಡುತ್ತಾರೆ ಎಂದು ಗೈಡಿಗಿಂತ ಕ್ಯಾಂಟೀನಿನಲ್ಲಿ ಕೂತ ವಿದ್ಯಾರ್ಥಿಗಳನ್ನು ಕೇಳಿ. ಕರ್ನಾಟಕದಿಂದಲೇ ಎಲ್ಲ ತೀರ್ಮಾನಿಸಬೇಕಾದವರು ಅಲ್ಲಿ ಓದುತ್ತಿರುವ ನಮ್ಮ ಮಕ್ಕಳೊಬ್ಬರಿಗೆ ಫೋನ್ ಮಾಡಿ ಇದನ್ನೇ ಕೇಳಬಹುದು. 1990ರ ಕ್ಲೆರಿ ಕಾಯ್ದೆಯಂತೆ ವಿಶ್ವವಿದ್ಯಾಲಯಗಳು ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ತಮ್ಮ ಕ್ಯಾಂಪಸ್ಸಿನ ಅಪರಾಧಗಳ ವರದಿ ಪ್ರಕಟಿಸಬೇಕು. ಆ ವರದಿ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಮುಂಗಡ ಕಟ್ಟುವ ಮೊದಲು ಅದನ್ನೂ, ಬಿಲ್ಲಿನಲ್ಲಿರುವ ಕ್ರೀಡಾ ಶುಲ್ಕದ ಸಾಲನ್ನೂ ಮಗುವಿನ ಜೊತೆ ಕೂತು ಓದಿ.